ಮರ ಹತ್ತಲು ಒಂದು ದೊಡ್ಡ ಕ್ಯಾಟರ್‌ಬಿಲ್ಲು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



"ಶಾಲೆಯಲ್ಲಿ ಕಲಿತದ್ದು ತೋಟದಲ್ಲಿ ಹೇಗೆ ಉಪಯೋಗಕ್ಕೆ ಬಂತು, ಒಂದು ಉದಾಹರಣೆ ಹೇಳಿ" ಎಂದು ಸಂಘಟಕರು ಕೇಳಿದ್ದಾರೆ. ನಾನು ಆರಿಸಿಕೊಂಡ ವಿಷಯ ಕೇಳಿ ಮೇಷ್ಟ್ರುಗಳಿಗೆ ನಗು ಬರಬಹುದು. ನಮ್ಮ ಕಾಲದಲ್ಲಿ ಹುಡುಗರ ಜೇಬಿನಿಂದ ಅವರು ಕಿತ್ತುಕೊಳ್ಳುತ್ತಿದ್ದ ವಸ್ತು ಅದು, ಕ್ಯಾಟರ್‌ಬಿಲ್ಲು. ಆದರೆ ಇದು ಜೇಬಿನಲ್ಲಿ ಹಿಡಿಯುವಂಥದ್ದಲ್ಲ. ಎಂಟು ಅಡಿ ಉದ್ದದ ಕೋಲಿನ ತುದಿಗೆ ಕೂರಿಸಿದ, ನೆಲಕ್ಕೆ ಊರಿ ಎಳೆಯುವ ಬಿಲ್ಲು. ಹಕ್ಕಿ ಹೊಡೆಯಲು ಅಲ್ಲ, ಎತ್ತರದ ಕೊಂಬೆಯ ಮೇಲೆ ದಾರ ದಾಟಿಸಲು. ಆ ದಾರದ ಹಿಂದೆ ಹಗ್ಗ ಹೋಗುತ್ತದೆ, ಹಗ್ಗದ ಆಧಾರದಲ್ಲಿ ಮನುಷ್ಯ ಹೋಗುತ್ತಾನೆ.

ಇದು ಯಾಕೆ ಬೇಕು ಎಂಬುದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಬದುಕು ಅರ್ಧ ನೆಲದ ಮೇಲೆ, ಅರ್ಧ ಮರದ ಮೇಲೆ. ಅಡಿಕೆ ಕೊನೆ ತೆಗೆಯಬೇಕು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯಬೇಕು, ಕಾಫಿ ತೋಟದಲ್ಲಿ ಮರಗಸಿ ಮಾಡಬೇಕು, ಸಿಲ್ವರ್ ಓಕ್ ಮೇಲೆ ಹಬ್ಬಿದ ಮೆಣಸು ಕೊಯ್ಯಬೇಕು. ಅಡಿಕೆಗೆ ಈಗ ಫೈಬರ್ ದೋಟಿ ಬಂದಿದೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕನ್ನೇ ಮಾಡಿದ್ದನ್ನು ನೀವೆಲ್ಲ ನೋಡಿದ್ದೀರಿ. ಇವೆಲ್ಲ ಕಂಬದಂತೆ ನೇರ ನಿಂತ, ಕೊಂಬೆಯಿಲ್ಲದ ಮರಕ್ಕೆ. ತೆಕ್ಕೆಗೆ ಸಿಗದ ಬುಡದ, ನಲವತ್ತು ಅಡಿಯವರೆಗೆ ಕೊಂಬೆಯೇ ಇಲ್ಲದ ಕಾಡು ಮಾವಿನ ಮರಕ್ಕೆ ದೋಟಿಯೂ ಇಲ್ಲ, ಬೈಕೂ ಇಲ್ಲ.

ಹೊಳೆಸಾಲಿನ ಅಪ್ಪೆಮಿಡಿ ಮರಗಳನ್ನೇ ತೆಗೆದುಕೊಳ್ಳಿ. ಉಪ್ಪಿನಕಾಯಿಗೆ ಮಿಡಿ ಬೇಕಾದರೆ ತೊಟ್ಟು ಸಮೇತ ಬೇಕು, ಪೆಟ್ಟಾಗದೆ ಬೇಕು. ನೆಲಕ್ಕೆ ಬಿದ್ದು ಜಜ್ಜಿದ ಒಂದು ಮಿಡಿ ಭರಣಿಯ ಉಪ್ಪುನೀರನ್ನೇ ಕೆಡಿಸುತ್ತದೆ ಎಂದು ನಮ್ಮ ಅಮ್ಮಂದಿರು ಹೇಳುತ್ತಿದ್ದುದು ನೆನಪಿರಬಹುದು. ಹಾಗಾಗಿ ಕೋಲಿನಿಂದ ಬಡಿದು ಉದುರಿಸುವಂತಿಲ್ಲ, ಹತ್ತಿಯೇ ಕೊಯ್ಯಬೇಕು. ಕಸಿ ಕಟ್ಟುವವರಿಗೂ ಹಾಗೇ. ಮಾಳಂಜಿ, ಅನಂತಭಟ್ಟನ ಅಪ್ಪೆಯಂಥ ಹೆಸರಾದ ತಳಿಗಳು ಉಳಿದು ಬಂದದ್ದು ಯಾರೋ ತಾಯಿಮರ ಹತ್ತಿ ಕಸಿಕಡ್ಡಿ ಇಳಿಸಿದ್ದರಿಂದ.

ಹತ್ತುವವರು ಈಗ ಎಲ್ಲಿದ್ದಾರೆ? ಬಲ್ಲವರಿಗೆ ವಯಸ್ಸಾಯಿತು. ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಇರಲಿ, ಚೆನ್ನಾಗಿರಲಿ. ಮರದಿಂದ ಬಿದ್ದು ಹಾಸಿಗೆ ಹಿಡಿದವರ ಮನೆ ಇಲ್ಲಿ ಕುಳಿತ ಪ್ರತಿಯೊಬ್ಬರಿಗೂ ಒಂದಾದರೂ ಗೊತ್ತು. ಬೆನ್ನುಹುರಿಗೆ ಪೆಟ್ಟಾದರೆ ಒಬ್ಬ ಮನುಷ್ಯನ ಜೊತೆ ಇಡೀ ಸಂಸಾರ ಮಲಗುತ್ತದೆ. ಹತ್ತುವವರು ಸಿಗದಾಗ ಕೊಂಬೆಯನ್ನೇ ಕಡಿದು ಮಿಡಿ ಕೊಯ್ಯುವುದು ಶುರುವಾಯಿತು. ಮರುವರ್ಷ ಆ ಮರದಲ್ಲಿ ಏನೂ ಇರುವುದಿಲ್ಲ. ಆಮೇಲೆ ಮರವೇ ಹೋಗುತ್ತದೆ. ಒಂದು ಕಡೆ ಜೀವ, ಇನ್ನೊಂದು ಕಡೆ ಮರ. ಎರಡನ್ನೂ ಉಳಿಸುವ ದಾರಿ ಹಗ್ಗ. ಆ ಹಗ್ಗವನ್ನು ಮೊದಲು ಮೇಲಕ್ಕೆ ಕಳಿಸುವುದು ಹೇಗೆ ಎಂಬುದೇ ಪ್ರಶ್ನೆ.

ಇದು ನಮಗೆ ಮಾತ್ರ ಎದುರಾದ ಪ್ರಶ್ನೆಯಲ್ಲ. 1970ರ ದಶಕದಲ್ಲಿ ಡೊನಾಲ್ಡ್ ಪೆರ್ರಿ ಎಂಬ ಜೀವವಿಜ್ಞಾನಿ ಮಧ್ಯ ಅಮೆರಿಕದ ಕೋಸ್ಟರಿಕಾದ ಮಳೆಕಾಡಿನಲ್ಲಿ ಅಡ್ಡಬಿಲ್ಲಿನಿಂದ ದಾರ ಹಾರಿಸಿ, ಹಗ್ಗ ಕಟ್ಟಿ, ಮರಗಳ ನೆತ್ತಿಗೆ ಹೋಗಿ ಅಭ್ಯಾಸ ಮಾಡಿದರು. ನೆಲದಿಂದ ಕಾಣದ ಒಂದು ಲೋಕವೇ ಮೇಲಿದೆ ಎಂದು ತೋರಿಸಿದವರಲ್ಲಿ ಅವರೂ ಒಬ್ಬರು. ಕಾಡಿನ ನೆತ್ತಿಯನ್ನು ಅಧ್ಯಯನ ಮಾಡುವ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ 2009ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ವಿದೇಶಗಳಲ್ಲಿ ಮರ ಸವರುವ ವೃತ್ತಿಯವರು ಕೋಲಿನ ತುದಿಯ ದೊಡ್ಡ ಕ್ಯಾಟರ್‌ಬಿಲ್ಲನ್ನು ದಿನನಿತ್ಯ ಬಳಸುತ್ತಾರೆ. ನಾವು ನಾಲ್ಕೈದು ಮನೆಯವರು ಸೇರಿ ಅಂಥದ್ದೊಂದನ್ನು ಇಟ್ಟುಕೊಂಡಿದ್ದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಸೊರಗಿತು. ಅದನ್ನು ರಿಪೇರಿ ಮಾಡುತ್ತಾ, ಸ್ವಲ್ಪ ಸ್ವಲ್ಪ ಸುಧಾರಿಸುತ್ತಾ ಹೋದ ಕಥೆಯೇ ಇವತ್ತಿನ ಮಾತು.

ಮೊದಲು ರಬ್ಬರ್. ಕವೆಗೆ ಕಟ್ಟಿದ ಜಾಗದಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ಸ್ವಾಭಾವಿಕ ರಬ್ಬರಿಗೆ ಎರಡು ಶತ್ರುಗಳು, ಬಿಸಿಲು ಮತ್ತು ಗಾಳಿಯಲ್ಲಿರುವ ಓಝೋನ್. ಎಳೆದ ಸ್ಥಿತಿಯಲ್ಲಿದ್ದರೆ ಬಿರುಕು ಬೇಗ ಬೀಳುತ್ತದೆ. ಗೋಡೆಯ ಮೊಳೆಗೆ ಬಿಗಿಯಾಗಿ ಸಿಕ್ಕಿಸಿ ಇಟ್ಟ ಬಿಲ್ಲು ಕೆಲಸ ಮಾಡದೆಯೂ ಹಾಳಾಗುವುದು ಇದಕ್ಕೇ. ಈಗ ನಾವು ರಬ್ಬರನ್ನು ಸಡಿಲ ಬಿಟ್ಟು, ಪೌಡರ್ ಸವರಿ, ಕತ್ತಲೆ ಇರುವ ಡಬ್ಬಿಯಲ್ಲಿ ಇಡುತ್ತೇವೆ. ಸೀಮೆಎಣ್ಣೆ, ಗ್ರೀಸ್ ಹತ್ತಿರ ಸುಳಿಯಬಾರದು. ಒಂದು ಕಡೆ ಹರಿದರೂ ಎರಡೂ ಕಡೆ ಬದಲಿಸಬೇಕು. ಇಲ್ಲವಾದರೆ ಎಳೆತ ಸಮ ಇರದೆ ಗುರಿ ಓರೆಯಾಗುತ್ತದೆ.

ಬದಲಿಗೆ ಏನು ಹಾಕುವುದು? ಗ್ಯಾರೇಜಿನಲ್ಲಿ ಬಿದ್ದಿರುವ ಗಾಡಿ ಟ್ಯೂಬ್ ಪುಕ್ಕಟೆ ಸಿಗುತ್ತದೆ. ಮಕ್ಕಳೇ, ಇಲ್ಲಿ ಒಂದು ಸ್ವಾರಸ್ಯ ಇದೆ. ಈಗಿನ ಟ್ಯೂಬುಗಳು ಹೆಚ್ಚಾಗಿ ಬ್ಯುಟೈಲ್ ಎಂಬ ಕೃತಕ ರಬ್ಬರಿನವು. ಗಾಳಿ ಹಿಡಿದಿಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಎಳೆದು ಬಿಟ್ಟರೆ ಸೋಮಾರಿ, ನಿಧಾನಕ್ಕೆ ಹಿಂದಿರುಗುತ್ತದೆ. ನಾವು ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ಶಾಖವಾಗಿ ಅದರೊಳಗೇ ಉಳಿಯುತ್ತದೆ. ನಮ್ಮ ನೆರೆಯ ನರಸಿಂಹರಾಜಪುರದ ಕಡೆ ಮರದಿಂದ ಇಳಿಸುವ ಹಾಲು ಇದೆಯಲ್ಲ, ಆ ಸ್ವಾಭಾವಿಕ ರಬ್ಬರ್ ಚುರುಕು. ಆಸ್ಪತ್ರೆ, ಲ್ಯಾಬೊರೇಟರಿಗಳಲ್ಲಿ ಬಳಸುವ ದಪ್ಪ ಗೋಡೆಯ ಲೇಟೆಕ್ಸ್ ನಳಿಕೆ ಹಾಕಿದ ಮೇಲೆ ನಮ್ಮ ಬಿಲ್ಲಿಗೆ ಜೀವ ಬಂತು. ಅದನ್ನು ಬೈಂಡಿಂಗ್ ವೈರಿನಿಂದ ಕಟ್ಟುವುದಿಲ್ಲ, ತಂತಿ ರಬ್ಬರನ್ನು ಕೊಯ್ಯುತ್ತದೆ. ಕವೆಯ ತುದಿಯನ್ನು ಅರದಿಂದ ನುಣುಪು ಮಾಡಿ, ನಳಿಕೆಯನ್ನು ಅದಕ್ಕೆ ತೊಡಿಸಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತುತ್ತೇವೆ.

ಎರಡನೆಯದು ಲೆಕ್ಕ. ಒಂಬತ್ತನೇ ತರಗತಿಯ ಪಾಠ ಇಲ್ಲಿ ಉಪಯೋಗಕ್ಕೆ ಬಂತು. 300 ಗ್ರಾಂ ತೂಕದ ಚೀಲ 60 ಅಡಿ, ಅಂದರೆ ಸುಮಾರು 18 ಮೀಟರ್ ಮೇಲೆ ಹೋಗಬೇಕು. ಅದಕ್ಕೆ ಬೇಕಾದ ಶಕ್ತಿ 0.3 ಗುಣಿಸು 9.8 ಗುಣಿಸು 18, ಸುಮಾರು 53 ಜೂಲ್. ಬಿಲ್ಲಿನಿಂದ ಹೊರಡುವಾಗ ವೇಗ ಗಂಟೆಗೆ 68 ಕಿಲೋಮೀಟರಿನಷ್ಟು. 35 ಸೆಂಟಿಮೀಟರ್ ನಳಿಕೆಯನ್ನು ಒಂದು ಮೀಟರ್ ಎಳೆದಾಗ ಕೊನೆಯ ಎಳೆತ 15 ಕಿಲೋ ತೂಕದಷ್ಟಾದರೆ, ಸರಾಸರಿ ಏಳೂವರೆ ಕಿಲೋ, ಸುಮಾರು 73 ಜೂಲ್. ದಾರದ ಭಾರಕ್ಕೆ, ಉಜ್ಜಾಟಕ್ಕೆ ಹೋಗುವುದು ಹೋದರೂ ಕೆಲಸ ಆಗುತ್ತದೆ. 15 ಕಿಲೋ ಎಳೆತವನ್ನು ಮುಂಗೈ ತಡೆಯುವುದಿಲ್ಲ, ಅದಕ್ಕೇ ಕೋಲನ್ನು ನೆಲಕ್ಕೆ ಊರುವುದು. ಭಾರವನ್ನು ಭೂಮಿತಾಯಿ ಹೊರುತ್ತಾಳೆ, ಕೈಗೆ ಉಳಿಯುವುದು ಗುರಿ ಮಾತ್ರ.

ಮೂರನೆಯದು ಕವೆ ಮತ್ತು ಕೋಲು. ಮೊದಲಿದ್ದ ಸೀಬೆ ಮರದ ಕವೆ ಒಣಗಿ ಸೀಳಿತ್ತು. ಈಗ ಕಬ್ಬಿಣದ ಸರಳನ್ನು ವೆಲ್ಡಿಂಗ್ ಅಂಗಡಿಯಲ್ಲಿ ಬಗ್ಗಿಸಿ ಹಾಕಿದ್ದೇವೆ. ಆದರೆ ಕೋಲು ಮಾತ್ರ ಒಣಬಿದಿರು. ಪೈಪು ಹಗುರ, ಗಟ್ಟಿ ಎಂದು ಹಲವರು ಹೇಳಿದರು. ನಮ್ಮ ತೋಟಗಳ ಮೇಲೆ ವಿದ್ಯುತ್ ತಂತಿ ಹೇಗೆ ಹಾದು ಹೋಗಿದೆ ನೋಡಿ. ಲೋಹದ ಪೈಪು ಮಾತ್ರವಲ್ಲ, ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ ಹರಿಸುತ್ತದೆ ಎಂಬುದು ಎಲ್ಲರಿಗೂ ತಿಳಿದಿರಲಿ. ಒದ್ದೆ ದಾರವೂ, ಒದ್ದೆ ಬಿದಿರೂ ಅಷ್ಟೇ ಅಪಾಯ. ತಂತಿ ಹತ್ತಿರ ಇರುವ ಮರಕ್ಕೆ ನಮ್ಮ ಬಿಲ್ಲು ಹೋಗುವುದೇ ಇಲ್ಲ.

ನಾಲ್ಕನೆಯದು ಚೀಲ ಮತ್ತು ದಾರ. ಕಲ್ಲು ಕಟ್ಟಿ ಹಾರಿಸಿದರೆ ಕವಲಿನಲ್ಲಿ ಸಿಕ್ಕಿ ಅಲ್ಲೇ ಉಳಿಯುತ್ತದೆ, ಇಲ್ಲವೇ ಯಾರದೋ ತಲೆಯ ಮೇಲೆ ಬರುತ್ತದೆ. ನಾವು ಕ್ಯಾನ್ವಾಸಿನಲ್ಲಿ ಉದ್ದ ಬದನೆಕಾಯಿ ಆಕಾರದ ಚೀಲ ಹೊಲಿಸಿ ಮರಳು ತುಂಬಿದೆವು. ಎಲ್ಲಿಯೂ ಗಂಟು, ಮೂಲೆ ಇಲ್ಲ. ಗಾಳದ ದಾರ ಕೈ ಕೊಯ್ಯುತ್ತದೆ, ಅದರ ಬದಲು ನುಣುಪಾದ ಹೆಣೆದ ನೈಲಾನ್ ದಾರ. ಸುರುಳಿಯಿಂದ ಬಿಟ್ಟರೆ ಸಿಕ್ಕಾಗುತ್ತದೆ ಎಂದು ಅಗಲ ಬಾಯಿಯ ಬಕೆಟ್ಟಿನೊಳಗೆ ಸುಮ್ಮನೆ ಮಡಿಮಡಿಯಾಗಿ ಬೀಳುವಂತೆ ತುಂಬಿಸುತ್ತೇವೆ. ಇಷ್ಟೇ ಬದಲಾವಣೆಯಿಂದ ಅರ್ಧ ದಿನದ ಜಗಳ ತಪ್ಪಿತು.

ಇನ್ನು ಹಗ್ಗದ ಕಟ್ಟಳೆ. ದಾರದ ಹಿಂದೆ ನಡುಗಾತ್ರದ ಹಗ್ಗ, ಅದರ ಹಿಂದೆ ಹತ್ತುವ ಹಗ್ಗ. ಕೊಂಬೆ ಹಸಿ ಇರಬೇಕು, ಕಾಂಡಕ್ಕೆ ಹತ್ತಿರ ಇರಬೇಕು. ಹಗ್ಗದ ಒಂದು ತುದಿಯನ್ನು ಬುಡಕ್ಕೆ ಕಟ್ಟಿ ಇನ್ನೊಂದರಲ್ಲಿ ಮನುಷ್ಯ ತೂಗಿದರೆ ಕೊಂಬೆಯ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಎರಡರಷ್ಟು. 70 ಕಿಲೋ ಆಸಾಮಿಗೆ 140 ಕಿಲೋ. ಹಾಗಾಗಿ ಯಾರೂ ಹತ್ತುವ ಮೊದಲು ಇಬ್ಬರು ನೆಲದಿಂದಲೇ ಜೋತು ಬಿದ್ದು ಕೊಂಬೆಯನ್ನು ಪರೀಕ್ಷಿಸುತ್ತೇವೆ. ಸೊಂಟಕ್ಕೆ, ತೊಡೆಗೆ ಸರಿಯಾದ ಬೆಲ್ಟು, ತಲೆಗೆ ಹೆಲ್ಮೆಟ್ಟು, ಕೆಳಗೆ ಕಾವಲಿಗೆ ಒಬ್ಬರು. ಒಬ್ಬರೇ ಹೋಗಿ ಹತ್ತುವುದು ಇಲ್ಲವೇ ಇಲ್ಲ.

ಜೀವಮಾನವಿಡೀ ಬರಿಗಾಲಿನಲ್ಲಿ ಮರ ಹತ್ತಿದ ಹಿರಿಯರೊಬ್ಬರಿಗೆ ಇದನ್ನು ತೋರಿಸಿದೆವು. "ಮರ ಹತ್ತೋದನ್ನ ನಂಗೆ ಹೇಳಿಕೊಡಬೇಡಿ ಮಾರಾಯ್ರೆ, ಹಗ್ಗ ಒಂದು ಮೇಲೆ ಹೋಗ್ಲಿ, ಉಳಿದದ್ದು ನಾನು ನೋಡ್ಕೊಳ್ತೇನೆ" ಎಂದರು. ನನಗೆ ಅದು ಬಹಳ ಸರಿ ಎನಿಸಿತು. ಯಾವ ಕೊಂಬೆ ಮೋಸ ಮಾಡುತ್ತದೆ, ಯಾವ ಮರದ ತೊಗಟೆ ಜಾರುತ್ತದೆ, ಕೆಂಜಿಗ ಇರುವ ಮರವನ್ನು ಯಾವಾಗ ಮುಟ್ಟಬೇಕು, ಇದು ಅವರಿಗೆ ಗೊತ್ತು. ಯಾವ ಬಿಲ್ಲಿಗೂ ಗೊತ್ತಿಲ್ಲ. ಆ ತಿಳಿವಳಿಕೆ ಅವರೊಂದಿಗೆ ಹೋಗಿಬಿಡುವ ಮೊದಲು ನಮ್ಮ ಹುಡುಗರಿಗೆ ದಾಟಬೇಕು. ಹಗ್ಗ ಇದ್ದರೆ ಹುಡುಗರ ಮನೆಯವರು ಕಳಿಸಲು ಅಷ್ಟು ಹೆದರುವುದಿಲ್ಲ.

ಇಲ್ಲಿ ಸೇರಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಟ್ಟಡ, ಕಮಾನು ಎಲ್ಲ ಆಗಲಿ. ಜೊತೆಗೆ ಒಂದು ಬಿಲ್ಲು, ಒಳ್ಳೆಯ ಹಗ್ಗ, ಎರಡು ಬೆಲ್ಟು, ಎರಡು ಹೆಲ್ಮೆಟ್ ಊರಿನ ಸ್ವತ್ತಾಗಿ ಒಂದು ಕಡೆ ಇರಲಿ. ಬೇಕಾದವರು ಪುಸ್ತಕದಲ್ಲಿ ಬರೆದು ಒಯ್ಯಲಿ, ತಂದಿಡಲಿ. ಬೇಸಿಗೆಯಲ್ಲಿ ಎರಡು ದಿನ, ಬಲ್ಲ ಹಿರಿಯರಿಂದ ಹದಿನೆಂಟು ದಾಟಿದವರಿಗೆ ತರಬೇತಿ ನಡೆಯಲಿ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ತರಬೇತಿ, ವಿಮೆ ಇರುವಂತೆ ನಮ್ಮ ಮರ ಹತ್ತುವವರಿಗೂ ಒಂದು ಅಪಘಾತ ವಿಮೆ ಮಾಡಿಸಿದರೆ ಅದೇ ದೊಡ್ಡ ದಾನ.

ಮಕ್ಕಳೇ, ನಿಮಗೆ ಎರಡೇ ಮಾತು. ಈ ಬಿಲ್ಲನ್ನು ವಿಜ್ಞಾನ ಪ್ರದರ್ಶನದಲ್ಲಿ ಮೇಷ್ಟ್ರ ಎದುರು ಅಳೆದು ನೋಡಿ, ನನ್ನ ಲೆಕ್ಕ ಸರಿಯೋ ಎಂದು ಪರೀಕ್ಷಿಸಿ. ಹಕ್ಕಿಯ ಕಡೆ, ಮಂಗನ ಕಡೆ, ಮನುಷ್ಯರ ಕಡೆ ಮಾತ್ರ ಎಂದೂ ತಿರುಗಿಸಬೇಡಿ.