ಠೇವಣಿ ಹಿಂತಿರುಗುವ ಮುನ್ನ ಬೀದಿ ಮಾತನಾಡಲಿ

(ಪಟ್ಟಣವೊಂದರ ನಾಗರಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಭೆಗೆ ಬರುವ ದಾರಿಯಲ್ಲಿ ನಿಮ್ಮಲ್ಲಿ ಹಲವರು ಒಂದೆರಡು ಹೊಂಡಗಳನ್ನು ತಪ್ಪಿಸಿಕೊಂಡೇ ಬಂದಿರುತ್ತೀರಿ. ಹಾಗೆ ಬರುವಾಗ ಪುರಸಭೆಯನ್ನೂ ಗುತ್ತಿಗೆದಾರರನ್ನೂ ಮನಸ್ಸಿನಲ್ಲೇ ಬೈದುಕೊಂಡಿರುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಾನು ಇಂದು ಯಾರನ್ನೂ ಬೈಯಲು ನಿಂತಿಲ್ಲ. ನಮ್ಮ ಬೀದಿಯವರು, ಅಂದರೆ ನಾನೂ ಸೇರಿದಂತೆ, ಮಾಡಿದ ತಪ್ಪೊಂದನ್ನು ನಿಮ್ಮ ಮುಂದೆ ಒಪ್ಪಿಕೊಂಡು ಮಾತನ್ನು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಚರಂಡಿಯನ್ನು ದುರಸ್ತಿ ಮಾಡಿ, ಮೇಲೆ ಹೊಸ ಚಪ್ಪಡಿಗಳನ್ನು ಹಾಸಲಾಯಿತು. ಎರಡು ತಿಂಗಳು ಕಳೆಯುವುದರೊಳಗೆ ಮೂರು ಚಪ್ಪಡಿಗಳು ಬಿರುಕು ಬಿಟ್ಟವು. ಶಾಲೆಯಿಂದ ಮರಳುತ್ತಿದ್ದ ಹುಡುಗನೊಬ್ಬನ ಕಾಲು ಒಳಗೆ ಸಿಕ್ಕಿ ಮೂಳೆ ಮುರಿಯಿತು. ನಾವೆಲ್ಲ ಸೇರಿ ಮನೆಗಿಷ್ಟು ಎಂದು ಹಣ ಕೂಡಿಸಿ, ಮೇಸ್ತ್ರಿಯನ್ನು ಕರೆಸಿ, ನಾವೇ ಹೊಸ ಚಪ್ಪಡಿ ಹಾಕಿಸಿದೆವು. ಯಾರ ಬಾಗಿಲಿಗೂ ಹೋಗದೆ ಕೆಲಸ ಮುಗಿಸಿದೆವೆಂಬ ಹೆಮ್ಮೆಯೂ ನಮಗಿತ್ತು.

ಬಹಳ ಕಾಲದ ಮೇಲೆ ಬೇರೊಂದು ಕೆಲಸಕ್ಕಾಗಿ ಕಚೇರಿಯ ಕಡತ ನೋಡಿದಾಗ ಸತ್ಯ ತಿಳಿಯಿತು. ನಾವು ಹಣ ಕೂಡಿಸುತ್ತಿದ್ದಾಗ ಗುತ್ತಿಗೆದಾರರ ಭದ್ರತಾ ಠೇವಣಿ ಇನ್ನೂ ಸ್ಥಳೀಯ ಸಂಸ್ಥೆಯ ಬಳಿಯೇ ಇತ್ತು. ಆ ಚಪ್ಪಡಿಗಳನ್ನು ಸ್ವಂತ ಖರ್ಚಿನಲ್ಲಿ ಸರಿಪಡಿಸುವುದು ಅವರ ಕರಾರುಬದ್ಧ ಹೊಣೆಯಾಗಿತ್ತು. ಆದರೆ ಕಡತದಲ್ಲಿ ನಮ್ಮ ಒಂದೇ ಒಂದು ದೂರೂ ಇರಲಿಲ್ಲ. ಅವಧಿ ಮುಗಿದೊಡನೆ ‘ದೋಷಗಳಿಲ್ಲ’ ಎಂಬ ಷರಾದೊಂದಿಗೆ ಠೇವಣಿ ಹಿಂತಿರುಗಿತ್ತು. ನಮ್ಮ ಮಗುವಿನ ಕಾಲು ಮುರಿದದ್ದು ಸರಕಾರಿ ದಾಖಲೆಯಲ್ಲಿ ನಡೆದೇ ಇರಲಿಲ್ಲ!

ಕಾಮಗಾರಿ ಬಿಲ್ಲಿನೊಂದಿಗೆ ಮುಗಿಯುವುದಿಲ್ಲ

ಸ್ಥಳೀಯ ಸಂಸ್ಥೆಯ ಕಾಮಗಾರಿಯೊಂದು ಸಾಗುವ ದಾರಿಯನ್ನು ನಾವು ಅರಿತಿರಬೇಕು. ಮೊದಲು ಎಂಜಿನಿಯರ್ ಅಂದಾಜು ಪಟ್ಟಿ ತಯಾರಿಸುತ್ತಾರೆ. ಅದಕ್ಕೆ ಆಡಳಿತಾತ್ಮಕ ಹಾಗೂ ತಾಂತ್ರಿಕ ಮಂಜೂರಾತಿ ದೊರೆಯುತ್ತದೆ. ಬಳಿಕ ಟೆಂಡರ್ ಕರೆಯಲಾಗುತ್ತದೆ. ಇದಕ್ಕೆಂದೇ ನಮ್ಮ ರಾಜ್ಯದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವಿದೆ. ಗುತ್ತಿಗೆದಾರರೊಡನೆ ಕರಾರು ಆಗಿ ಕಾರ್ಯಾದೇಶ ಹೊರಡುತ್ತದೆ. ಕೆಲಸ ನಡೆದಂತೆ ಎಂಜಿನಿಯರ್ ಉದ್ದ, ಅಗಲ, ದಪ್ಪಗಳನ್ನು ಅಳತೆ ಪುಸ್ತಕದಲ್ಲಿ ನಮೂದಿಸುತ್ತಾರೆ. ಬಿಲ್ಲು ಪಾವತಿಯಾಗುವುದು ಈ ಪುಸ್ತಕದ ಆಧಾರದಲ್ಲೇ.

ನಾವು ಇಲ್ಲಿಗೆ ಎಲ್ಲವೂ ಮುಗಿಯಿತೆಂದು ತಿಳಿಯುತ್ತೇವೆ. ವಾಸ್ತವದಲ್ಲಿ ಹಣದ ಒಂದು ಭಾಗವನ್ನು ಭದ್ರತಾ ಠೇವಣಿಯಾಗಿ ತಡೆಹಿಡಿಯಲಾಗುತ್ತದೆ. ಕೆಲಸ ಮುಗಿದ ದಿನದಿಂದ ಕರಾರಿನಲ್ಲಿ ಬರೆದಷ್ಟು ಕಾಲ ‘ದೋಷ ಹೊಣೆಗಾರಿಕೆ ಅವಧಿ’ ನಡೆಯುತ್ತದೆ. ಈ ಅವಧಿಯಲ್ಲಿ ಕಾಣಿಸಿಕೊಂಡ ದೋಷವನ್ನು ಗುತ್ತಿಗೆದಾರರು ಬಿಟ್ಟಿಯಾಗಿ ಸರಿಪಡಿಸಬೇಕು. ತಪ್ಪಿದರೆ ಬೇರೆಯವರಿಂದ ಮಾಡಿಸಿ, ವೆಚ್ಚವನ್ನು ಆ ಠೇವಣಿಯಿಂದಲೇ ಮುರಿದುಕೊಳ್ಳಬಹುದು.

ಅಂದರೆ ಜನರ ಕೈಯಲ್ಲಿ ನಿಜವಾದ ಬಲವಿರುವುದು ಗುದ್ದಲಿ ಪೂಜೆಯ ದಿನವಲ್ಲ, ಉದ್ಘಾಟನೆಯ ದಿನವೂ ಅಲ್ಲ. ಅದಿರುವುದು ಕೆಲಸ ಮುಗಿದು ಠೇವಣಿ ಹಿಂತಿರುಗುವವರೆಗಿನ ಆ ತಿಂಗಳುಗಳಲ್ಲಿ. ನಮ್ಮ ಪಟ್ಟಣಗಳಲ್ಲಿ ಯಾರ ಗಮನವೂ ಇಲ್ಲದೆ ಸರಿದುಹೋಗುವುದು ಇದೇ ಅವಧಿ.

‘ಅಮಾನತ್’ ಎಂಬ ಪದ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ನಂಬಿ ಒಪ್ಪಿಸಿದ ಸೊತ್ತು ಎಂದು ಅದರ ಅರ್ಥ. ಕಚೇರಿಯ ಕನ್ನಡದಲ್ಲಿ ಅದೇ ಪದಕ್ಕೆ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ತಡೆದಿಡುವುದು ಎಂಬ ಅರ್ಥ ಬಂದಿದೆ. ಮೊದಲನೆಯ ಅರ್ಥ ನೆನಪಿದ್ದರೆ ಎರಡನೆಯದರ ಅಗತ್ಯ ಎಷ್ಟೋ ಕಡಿಮೆಯಾದೀತು.

ಸೋರುವುದು ಎಲ್ಲಿ?

ಮೊದಲನೆಯದು, ಕಾಮಗಾರಿಯನ್ನು ತುಂಡರಿಸುವುದು. ಒಂದೇ ಬೀದಿಯ ಕೆಲಸವನ್ನು ನಾಲ್ಕು ಚೂರುಗಳಾಗಿ ಮಾಡಿದರೆ ಪ್ರತಿಯೊಂದೂ ಟೆಂಡರ್ ಕಡ್ಡಾಯವಾಗುವ ಮಿತಿಯಿಂದ ಕೆಳಗಿಳಿಯುತ್ತದೆ. ಆಗ ಸ್ಪರ್ಧೆಯೇ ಬೇಡ. ಲೆಕ್ಕ ಪರಿಶೋಧಕರು ಮತ್ತೆ ಮತ್ತೆ ಆಕ್ಷೇಪಿಸುವ ರೂಢಿಯಿದು. ದುರಸ್ತಿ ಕೆಲಸಗಳು ಸಹಜವಾಗಿಯೇ ಸಣ್ಣವಾದುದರಿಂದ ಈ ರೋಗ ಅಲ್ಲೇ ಹೆಚ್ಚು.

ಎರಡನೆಯದು, ಅಳತೆ. ರಸ್ತೆಯ ಮೇಲ್ಮೈ ಎಲ್ಲರಿಗೂ ಕಾಣುತ್ತದೆ, ಕೆಳಗಿನ ಪದರ ಕಾಣುವುದಿಲ್ಲ. ಚರಂಡಿಯ ತಳಕ್ಕೆ ಹಾಕಿದ ಕಾಂಕ್ರೀಟಿನ ದಪ್ಪವನ್ನು ಮುಚ್ಚುವ ಮೊದಲೇ ಅಳೆಯಬೇಕು. ಮುಚ್ಚಿದ ಮೇಲೆ ಬರೆದ ಅಳತೆ ಕೇವಲ ಕೈಬರಹ.

ಮೂರನೆಯದು, ಹೂಳೆತ್ತುವ ಕೆಲಸ. ಮಳೆಗಾಲಕ್ಕೆ ಮೊದಲು ಚರಂಡಿಯ ಹೂಳು ತೆಗೆಯುತ್ತಾರೆ. ತೆಗೆದದ್ದನ್ನು ಚರಂಡಿಯ ಅಂಚಿನಲ್ಲೇ ರಾಶಿ ಹಾಕುತ್ತಾರೆ. ಸಾಗಿಸುವ ಲಾರಿ ಬರುವ ಮೊದಲೇ ಮಳೆ ಬರುತ್ತದೆ, ಹೂಳು ತಾನು ಹೊರಟಲ್ಲಿಗೇ ಮರಳುತ್ತದೆ. ಹೂಳು ಎಲ್ಲಿಗೆ ಹೋಯಿತು, ಎಷ್ಟು ಲೋಡು ಹೋಯಿತು ಎಂದು ಕೇಳುವವರಿಲ್ಲದಿದ್ದರೆ ಒಂದೇ ಕೆಸರಿಗೆ ನಾವು ಪ್ರತಿವರ್ಷವೂ ಹಣ ತೆರುತ್ತಿರುತ್ತೇವೆ.

ನಾಲ್ಕನೆಯದು, ಹೊಂದಾಣಿಕೆಯ ಕೊರತೆ. ಡಾಂಬರು ಹಾಕಿದ ತಿಂಗಳಲ್ಲೇ ನೀರಿನ ಪೈಪಿಗಾಗಿ ಅಗೆಯುತ್ತಾರೆ. ಆಮೇಲೆ ರಸ್ತೆ ಕುಸಿದರೆ ಗುತ್ತಿಗೆದಾರರು ಅಗೆದವರನ್ನು ತೋರಿಸುತ್ತಾರೆ, ಅಗೆದವರು ಗುತ್ತಿಗೆದಾರರನ್ನು ತೋರಿಸುತ್ತಾರೆ. ಹೊಣೆ ಹೊಂಡದೊಳಗೆ ಹೂತುಹೋಗುತ್ತದೆ.

ಗುತ್ತಿಗೆದಾರರ ಪಾಡು

ನ್ಯಾಯವಾಗಿ ಮಾತನಾಡುವುದಾದರೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸಣ್ಣ ಗುತ್ತಿಗೆದಾರ ಸಾಲ ಮಾಡಿ ಸಿಮೆಂಟು, ಜಲ್ಲಿ ತರುತ್ತಾನೆ. ಕೂಲಿ ಕೊಡುತ್ತಾನೆ. ಬಿಲ್ಲು ತಿಂಗಳುಗಟ್ಟಲೆ ಬಾಕಿಯಾಗುತ್ತದೆ. ಬಡ್ಡಿ ಬೆಳೆಯುತ್ತದೆ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇ. 40ರಷ್ಟು ಕಮಿಷನ್ ಕೇಳಲಾಗುತ್ತಿದೆಯೆಂದು ಆರೋಪಿಸಿತು. ರಾಜ್ಯದ ರಾಜಕೀಯವನ್ನೇ ಅದು ಅಲುಗಾಡಿಸಿತು. 2023ರಲ್ಲಿ ವಿಚಾರಣಾ ಆಯೋಗವೂ ರಚನೆಯಾಯಿತು. ಆರೋಪದ ಸತ್ಯಾಸತ್ಯತೆ ಅತ್ತ ಇರಲಿ, ಲೆಕ್ಕ ಸರಳ. ಎಲ್ಲೇ ಆಗಲಿ, ನೂರು ರೂಪಾಯಿಯಲ್ಲಿ ದಾರಿಯಲ್ಲೇ ಒಂದು ಪಾಲು ಹೋದರೆ, ಗುತ್ತಿಗೆದಾರ ಅದನ್ನು ತನ್ನ ಮನೆಯಿಂದ ತಂದು ತುಂಬುವುದಿಲ್ಲ, ಚಪ್ಪಡಿಯ ಕಬ್ಬಿಣದಿಂದ ಕಳೆಯುತ್ತಾನೆ. ಕೊನೆಗೆ ಅದನ್ನು ತೆರುವುದು ಆ ಹುಡುಗನ ಕಾಲು.

ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. 2025ರ ಮಾರ್ಚ್‌ನಲ್ಲಿ ರಾಜ್ಯ ವಿಧಾನಮಂಡಲವು ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಸಾರ್ವಜನಿಕ ಗುತ್ತಿಗೆಗಳಲ್ಲಿ ಶೇ. 4ರಷ್ಟು ಮೀಸಲಾತಿ ನೀಡುವ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಪರ ವಿರೋಧ ಚರ್ಚೆ ಬಿರುಸಾಗಿಯೇ ನಡೆಯಿತು. ಅವಕಾಶದಲ್ಲಿ ಪಾಲು ಕೇಳುವುದು ತಪ್ಪಲ್ಲ. ಆದರೆ ಗುತ್ತಿಗೆದಾರ ನಮ್ಮವನೆಂಬ ಕಾರಣಕ್ಕೆ ಕಳಪೆ ಚರಂಡಿಯಲ್ಲಿ ನೀರು ಸರಾಗವಾಗಿ ಹರಿಯುವುದಿಲ್ಲ. ನಮ್ಮವನ ಕೆಲಸ ಕೆಟ್ಟಾಗ ಸುಮ್ಮನಿದ್ದು, ಪರರದ್ದು ಕೆಟ್ಟಾಗ ಮಾತ್ರ ಧ್ವನಿಯೆತ್ತಿದರೆ, ನಮ್ಮ ದೂರಿಗೆ ಬೆಲೆ ಕೊಡುವವರಾರು?

ಕೇಳುವ ಹಕ್ಕು ಎಲ್ಲಿಂದ ಬಂತು?

1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು ಜನಸುನವಾಯಿ ನಡೆಸಿತು. ಹಳ್ಳಿಯ ಕಾಮಗಾರಿಗಳ ಲೆಕ್ಕವನ್ನು ಬಯಲಿನಲ್ಲಿ, ಎಲ್ಲರೆದುರು ಓದಲಾಯಿತು. ಕಾಗದದಲ್ಲಿದ್ದದ್ದು ನೆಲದ ಮೇಲಿದೆಯೇ ಎಂದು ಜನರೇ ಹೇಳಿದರು. ಅಂಥ ಸಭೆಗಳ ಬಲದಿಂದ ಬೆಳೆದ ಹೋರಾಟ 2005ರ ಮಾಹಿತಿ ಹಕ್ಕು ಕಾಯಿದೆಯವರೆಗೆ ನಮ್ಮನ್ನು ತಂದಿತು. ಅಕ್ಷರ ಬಾರದ ಕೂಲಿಕಾರರು ಗಳಿಸಿಕೊಟ್ಟ ಹಕ್ಕನ್ನು ಪದವಿ ಪಡೆದ ನಾವು ಬಳಸದಿರುವುದು ನಾಚಿಕೆಗೇಡಲ್ಲವೇ?

ಈ ಕಾಯಿದೆ ಬರೇ ಕಾಗದ ಕೇಳುವ ಹಕ್ಕೆಂದು ಹಲವರು ಭಾವಿಸಿದ್ದಾರೆ. ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನೂ ಅದು ಕೊಟ್ಟಿದೆ.

ನ್ಯಾಯಾಲಯಗಳೂ ಈಗ ಕಠಿಣವಾಗಿವೆ. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟು, ಮಹಾರಾಷ್ಟ್ರದಲ್ಲಿ ರಸ್ತೆ ಹೊಂಡ ಅಥವಾ ತೆರೆದ ಮ್ಯಾನ್‌ಹೋಲ್‌ನಿಂದ ಸಾವು ಸಂಭವಿಸಿದರೆ ಕುಟುಂಬಕ್ಕೆ 6 ಲಕ್ಷ ರೂ. ಪರಿಹಾರ ನೀಡಬೇಕೆಂದು ಆದೇಶಿಸಿತು. ಹೊಣೆಗಾರರಾದ ಅಧಿಕಾರಿಗಳೂ ಗುತ್ತಿಗೆದಾರರೂ ಅದಕ್ಕೆ ಉತ್ತರಿಸಬೇಕೆಂಬ ನಿಲುವನ್ನೂ ತಾಳಿತು. ಆದರೆ ಪರಿಹಾರ ಸಾವಿನ ನಂತರದ ಮಾತು. ದೂರು ಸಾವಿಗೆ ಮೊದಲಿನ ಮಾತು.

ನಾವು ಮಾಡಬೇಕಾದುದು

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಡಿ ರಸ್ತೆ ನಿರ್ಮಿಸಿದ ಗುತ್ತಿಗೆದಾರರೇ ಐದು ವರ್ಷ ಅದರ ನಿರ್ವಹಣೆ ಮಾಡಬೇಕು. ಅದು ಕರಾರಿನಲ್ಲೇ ಸೇರಿರುತ್ತದೆ. ರಸ್ತೆ ಬದಿಯ ಫಲಕದಲ್ಲೂ ಅದರ ವಿವರ ಬರೆದಿರುತ್ತದೆ. ಹಳ್ಳಿಯ ರಸ್ತೆಗೆ ಇರುವ ಈ ಫಲಕ ನಮ್ಮ ಪೇಟೆಯ ಚರಂಡಿಗೆ ಏಕಿರಬಾರದು? ಕಾಮಗಾರಿಯ ಹೆಸರು, ಮೊತ್ತ, ಗುತ್ತಿಗೆದಾರರ ಹೆಸರು, ಮುಗಿದ ದಿನಾಂಕ, ಹೊಣೆಗಾರಿಕೆ ಮುಗಿಯುವ ದಿನಾಂಕ, ಈ ಐದು ಸಾಲುಗಳು ಸಾಕು. ವಾರ್ಡಿನ ಪ್ರತಿನಿಧಿಯಲ್ಲಿ ನಾವು ಮೊದಲು ಕೇಳಬೇಕಾದದ್ದು ಇದನ್ನೇ.

ಫಲಕ ಬರುವವರೆಗೆ ಬೀದಿಗೊಂದು ನೋಟ್‌ಬುಕ್ ಇಡೋಣ. ಕೆಲಸ ಆರಂಭವಾದಾಗ ಅಂದಾಜು ಪಟ್ಟಿ, ಕರಾರು ಮತ್ತು ಅಳತೆ ಪುಸ್ತಕದ ಪ್ರತಿಗಾಗಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕೋಣ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳನ್ನು ಮೀರದಂತಿರಲಿ. ಇಲ್ಲವಾದರೆ ಅದೇ ತಿರಸ್ಕಾರಕ್ಕೆ ನೆಪವಾಗುತ್ತದೆ. ದೋಷ ಕಂಡ ದಿನವೇ ಫೋಟೋ ಸಹಿತ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯೋಣ. ಬಾಯಿಮಾತಿನ ದೂರು ಕಡತವನ್ನು ಸೇರುವುದಿಲ್ಲ. ಕಡತ ಸೇರದ ದೂರು ಠೇವಣಿಯನ್ನು ತಡೆಯುವುದಿಲ್ಲ. ಜೊತೆಗೆ, ಚೆನ್ನಾಗಿ ಕೆಲಸ ಮಾಡಿದವರ ಹೆಸರನ್ನೂ ಅದೇ ಪುಸ್ತಕದಲ್ಲಿ ಬರೆಯೋಣ. ಅವರ ಬಿಲ್ಲು ಅಕಾರಣವಾಗಿ ತಡವಾದರೆ ಅವರ ಪರವಾಗಿಯೂ ಕೇಳೋಣ.

ನೆರೆಹೊರೆಯವರು ಸೇರಿ ಹಣ ಕೂಡಿಸುವ ಗುಣ ಒಳ್ಳೆಯದು. ಅದನ್ನು ಬಿಡಬೇಡಿ. ಆ ಹಣ ಬಡವನ ಮದ್ದಿಗೆ, ಅನಾಥನ ಓದಿಗೆ ಹೋಗಲಿ. ತೆರಿಗೆ ಕೊಟ್ಟು ಒಮ್ಮೆ ಕಟ್ಟಿಸಿದ ಚರಂಡಿಯನ್ನು ಕಿಸೆಯ ಹಣದಿಂದ ಎರಡನೆಯ ಬಾರಿ ಕಟ್ಟಿಸುವುದು ದಾನವಲ್ಲ. ಅದು ಬೇರೊಬ್ಬರ ಹೊಣೆಯನ್ನು ಮೌನವಾಗಿ ಮನ್ನಾ ಮಾಡುವುದು. ನಮ್ಮ ಬೀದಿ ಆ ತಪ್ಪು ಮಾಡಿತು. ಆ ಹುಡುಗ ಈಗ ದೊಡ್ಡವನಾಗಿದ್ದಾನೆ, ತುಸು ಕುಂಟುತ್ತಾನೆ. ಅವನನ್ನು ಕಂಡಾಗಲೆಲ್ಲ ನಾವು ಬರೆಯದೆ ಹೋದ ಆ ಅರ್ಧ ಪುಟದ ದೂರು ನನಗೆ ನೆನಪಾಗುತ್ತದೆ. ನಿಮ್ಮ ಬೀದಿಯಲ್ಲಿ ಹಾಗಾಗದಿರಲಿ ಎಂಬ ಆಶಯದೊಂದಿಗೆ ನನ್ನ ಮಾತುಗಳನ್ನು ಮುಗಿಸುತ್ತೇನೆ.