ಮಣ್ಣಿಲ್ಲದ ಸೊಪ್ಪು, ಪಟ್ಟಾ ಇಲ್ಲದ ಮನೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಅಣ್ಣಂದಿರು ನನಗೆ ಕೊಟ್ಟ ವಿಷಯ, ಮನೆಯೊಳಗೆ ಮಣ್ಣಿಲ್ಲದೆ ಸೊಪ್ಪು ಬೆಳೆಯುವುದು. ಇದಕ್ಕೆ ಹೈಡ್ರೋಪೋನಿಕ್ಸ್ ಅಂತಾರೆ. ನಾನು ಓದ್ತಿರೋದು ಬಿಎ, ಕೃಷಿ ಅಲ್ಲ. ಆದ್ರೂ ಈ ವಿಷಯ ಕೇಳಿದ ತಕ್ಷಣ ಒಪ್ಪಿಕೊಂಡೆ. ಯಾಕಂದ್ರೆ ಮಣ್ಣಿಲ್ಲದೆ ಬದುಕೋದು ಹೇಗೆ ಅನ್ನೋದು ನಮ್ಮ ಜನಕ್ಕೆ ಹೊಸ ಪಾಠ ಏನಲ್ಲ.

ಮೊದಲು ಇದರ ಹುಟ್ಟು ಹೇಳ್ತೀನಿ. ಗಿಡಕ್ಕೆ ಬೇಕಾದ ಲವಣಗಳನ್ನು ನೀರಲ್ಲಿ ಕರಗಿಸಿ ಕೊಟ್ಟರೆ ಮಣ್ಣಿಲ್ಲದೆಯೂ ಬೆಳೆಯುತ್ತೆ ಅಂತ ವಿಜ್ಞಾನಿಗಳಿಗೆ ಬಹಳ ಹಿಂದೆಯೇ ಗೊತ್ತಿತ್ತು. ಅದನ್ನು ಪ್ರಯೋಗಶಾಲೆಯಿಂದ ಹೊರಗೆ ತಂದು ಬೆಳೆಯಾಗಿ ತೋರಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕೆ. ಹೈಡ್ರೋಪೋನಿಕ್ಸ್ ಅನ್ನೋ ಹೆಸರು 1937ರಲ್ಲಿ ಬಳಕೆಗೆ ಬಂತು. ನಮ್ಮ ದೇಶಕ್ಕೆ ಇದು ಬಂದಿದ್ದು ಬೆಂಗಳೂರು, ಚೆನ್ನೈನಂಥ ದೊಡ್ಡ ಊರಿಗಲ್ಲ. 1946ರಲ್ಲಿ ಡಾರ್ಜಿಲಿಂಗ್ ಜಿಲ್ಲೆಯ ಕಾಲಿಂಪಾಂಗಿನಲ್ಲಿ ಶೋಲ್ಟೋ ಡಗ್ಲಸ್ ಅನ್ನುವವರು ಶುರು ಮಾಡಿದರು. ಅದೂ ನಮ್ಮ ಹಾಗೇ ಟೀ ಬೆಳೆಯೋ ಬೆಟ್ಟದ ಸೀಮೆ. ದುಬಾರಿ ಯಂತ್ರ ಬೇಡ, ಜಲ್ಲಿ ಮರಳು ಸಾಕು, ಬಡವರೂ ಮಾಡಬಹುದು ಅನ್ನೋದು ಅವರ ವಾದ. ಅದಕ್ಕೆ ಬೆಂಗಾಲ್ ಪದ್ಧತಿ ಅಂತಲೇ ಹೆಸರಾಯ್ತು. ಈಗ ಲಕ್ಷಗಟ್ಟಲೆ ಸುರಿದು ಗಾಜಿನ ಮನೆ ಕಟ್ಟಿದರಷ್ಟೇ ಹೈಡ್ರೋಪೋನಿಕ್ಸ್ ಅನ್ನೋರು ಈ ಕಥೆ ಓದಬೇಕು.

ನಮ್ಮ ನೀಲಗಿರಿಗೆ ಇದು ಯಾಕೆ ಬೇಕು? ಊಟಿಯಲ್ಲಿ ಸಲ್ಲಿವನ್ ಕಾಲದಿಂದ ಇಂಗ್ಲಿಷ್ ತರಕಾರಿ ಬೆಳೀತಾ ಬಂದಿದ್ದಾರೆ. ಕ್ಯಾರೆಟ್, ಕೋಸು, ಬೀಟ್‌ರೂಟ್, ಈಗ ಹೋಟೆಲಿನವರಿಗೆ ಲೆಟ್ಯೂಸ್, ಬ್ರೊಕೋಲಿ. ಆ ಹೊಲಗಳಲ್ಲಿ ಕೂಲಿ ಹೋಗೋರ ಮನೆಯಲ್ಲಿ ಲೆಟ್ಯೂಸ್ ತಿಂದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ಅಂದ್ರೆ ಕಷ್ಟ. ಆಲೂಗಡ್ಡೆ ಬೇರಿಗೆ ಹತ್ತುವ ಜಂತುಹುಳ ನಮ್ಮ ಜಿಲ್ಲೆಯಲ್ಲಿ 1961ರಲ್ಲೇ ಸಿಕ್ಕಿತು, ಇವತ್ತಿಗೂ ಮಣ್ಣು ಬಿಟ್ಟು ಹೋಗಿಲ್ಲ. ಮಸಿನಗುಡಿ ಕಡೆ ಬಂದ್ರೆ ಬೇರೆ ಕಥೆ. ಅಲ್ಲಿ ಹಿತ್ತಲಲ್ಲಿ ನಾಲ್ಕು ದಂಟು ಹಾಕಿದ್ರೆ ಜಿಂಕೆ, ಹಂದಿಗೆ ಮೊದಲ ಪಾಲು, ಆನೆ ಬಂದ್ರೆ ಬೇಲಿ ಸಮೇತ. ಹಂಗಾಗಿ ಮನೆಯೊಳಗೆ ಒಂದು ಬಕೆಟ್‌ನಲ್ಲಿ ಸೊಪ್ಪು ಬರುತ್ತೆ ಅಂದ್ರೆ ಬೇಡ ಅನ್ನೋಕಾಗಲ್ಲ.

ಸುಲಭದ ದಾರಿ ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅವರದು. ಮೋಟಾರೂ ಬೇಡ, ಕರೆಂಟೂ ಬೇಡ. ಪೇಂಟ್ ಅಂಗಡಿಯ 20 ಲೀಟರ್ ಬಕೆಟ್ ಚೆನ್ನಾಗಿ ತೊಳೆದು, ಮುಚ್ಚಳದಲ್ಲಿ ನಾಲ್ಕೈದು ತೂತು ಮಾಡಿ. (ನೀರಿನ ಬಾಟಲಿ ಕತ್ತರಿಸಿ ಮಾಡಿ ಅಂತ ವಿಡಿಯೋದಲ್ಲಿ ಹೇಳ್ತಾರೆ. ನಮ್ಮ ಜಿಲ್ಲೆಯಲ್ಲಿ ಆ ಬಾಟಲಿಗೇ ನಿಷೇಧ!) ತೂತಿನಲ್ಲಿ ತಳ ಕೊರೆದ ತೆಂಗಿನ ಚಿಪ್ಪು ಕೂರಿಸಿ, ತೊಳೆದ ನಾರಿನಲ್ಲಿ ಸಸಿ ನಿಲ್ಲಿಸಿ. ನಾರನ್ನು ಎರಡು ಮೂರು ನೀರಲ್ಲಿ ತೊಳೀಲೇಬೇಕು, ಅದರಲ್ಲಿ ಉಪ್ಪಿರುತ್ತೆ. ಮೊದಲಿಗೆ ನೀರು ಚಿಪ್ಪಿನ ತಳ ಮುಟ್ಟುವಷ್ಟಿರಲಿ. ಗಿಡ ಕುಡಿದ ಹಾಗೆ ನೀರು ಇಳಿಯುತ್ತೆ, ಮೇಲೆ ಖಾಲಿಯಾದ ಜಾಗದಲ್ಲಿ ಬೇರು ಉಸಿರಾಡುತ್ತೆ. ಮತ್ತೆ ತುಂಬ ತುಂಬಿಸಬಾರದು, ಆ ಬೇರು ಮುಳುಗಿದರೆ ಗಿಡ ಸಾಯುತ್ತೆ. ಒಂದು ಲೆಟ್ಯೂಸ್ ಗಿಡಕ್ಕೆ ಸುಮಾರು 4 ಲೀಟರ್ ನೀರು, ಐದಾರು ವಾರ. ಬಕೆಟ್ ಒಳಗೆ ಬೆಳಕು ಹೋಗಬಾರದು, ಹೋದರೆ ಪಾಚಿ.

ಲೆಟ್ಯೂಸೇ ಆಗಬೇಕು ಅಂತೇನಿಲ್ಲ. ಪಾಲಕ್, ಪುದೀನ, ದಂಟು ಎಲ್ಲ ಬರುತ್ತೆ. ಬಸ್ಸಾರಿಗೂ ಆಯ್ತು, ಹಸಿಯಾಗಿ ತಿನ್ನೋಕೂ ಆಯ್ತು.

ಈಗ ಕಷ್ಟದ ಮಾತಿಗೆ ಬರ್ತೀನಿ. ಗಿಡಕ್ಕೆ ಊಟ ಏನು? ಅಂಗಡಿಯಲ್ಲಿ ಲವಣದ ಪುಡಿ ಸಿಗುತ್ತೆ. ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್, ಮೆಗ್ನೀಸಿಯಂ ಸಲ್ಫೇಟ್ ಇತ್ಯಾದಿ. ಕರಗಿಸಿ ಹಾಕಿದ್ರೆ ಮುಗೀತು. ಆದ್ರೆ ನೈಸರ್ಗಿಕವಾಗಿಯೇ ಬೆಳೀಬೇಕು ಅನ್ನೋರು ಜೀವಾಮೃತ, ಪಂಚಗವ್ಯವನ್ನೇ ಬಕೆಟ್‌ಗೆ ಸುರೀತಾರೆ. ಒಂದು ವಾರಕ್ಕೆ ಮನೆಯೆಲ್ಲ ನಾತ, ಬೇರು ಕಂದು. ಕಾರಣ ಇಷ್ಟೇ. ಸಗಣಿ, ಹಿಂಡಿ, ಮೀನಿನ ರಸದಲ್ಲಿರೋ ಸಾರಜನಕವನ್ನು ಗಿಡ ಇದ್ದ ಹಾಗೇ ತಿನ್ನಲ್ಲ. ಅದು ಮೊದಲು ಅಮೋನಿಯ ಆಗಬೇಕು, ಆಮೇಲೆ ನೈಟ್ರೇಟ್ ಆಗಬೇಕು. ಈ ಅಡುಗೆ ಮಾಡೋದು ಮಣ್ಣಿನಲ್ಲಿರೋ ಬ್ಯಾಕ್ಟೀರಿಯ. ಬರೀ ನೀರಲ್ಲಿ ಅಡುಗೆಯವರೇ ಇಲ್ಲ, ದಿನಸಿ ಮಾತ್ರ ಕೊಳೀತಾ ಇರುತ್ತೆ.

ಜಪಾನಿನಲ್ಲಿ ಮಕೊಟೊ ಶಿನೊಹರ ಮತ್ತು ಅವರ ಜೊತೆಯವರು ಇದನ್ನು ಬಿಡಿಸಿದರು, 2011ರಲ್ಲಿ ಪ್ರಕಟಿಸಿದರು. ಅವರು ಮಾಡಿದ್ದು ಏನು ಗೊತ್ತಾ? ನೀರಿಗೆ ಸ್ವಲ್ಪ ಮಣ್ಣು, ಇಲ್ಲವೇ ತೊಗಟೆ ಕಾಂಪೋಸ್ಟ್ ಹಾಕಿ ಬ್ಯಾಕ್ಟೀರಿಯ ಬರಿಸಿದರು. ಗಾಳಿ ಊದುತ್ತಾ, ಮೀನಿನ ರಸದಂಥದ್ದನ್ನು ದಿನಾ ಚೂರು ಚೂರೇ ಕೊಟ್ಟು, ನೀರನ್ನು ಪಳಗಿಸಿದರು. ಆಮೇಲೇ ಗಿಡ. ಅಂದ್ರೆ ಮಣ್ಣಿಲ್ಲದ ನೈಸರ್ಗಿಕ ಬೇಸಾಯಕ್ಕೂ ಒಂದು ಹಿಡಿ ಮಣ್ಣು ಬೇಕೇ ಬೇಕು! ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ನಮ್ಮ ಮನೆಗಳಲ್ಲಿ ಮಾಡೋದಾದ್ರೆ, ಬೇರೆ ಬಕೆಟ್‌ನಲ್ಲಿ ಎರೆಗೊಬ್ಬರದ ನೀರನ್ನು ಮೀನಿನ ತೊಟ್ಟಿಯ ಗಾಳಿ ಪಂಪ್ ಹಾಕಿ ಎರಡು ಮೂರು ವಾರ ಬಿಡಿ. ಕೆಟ್ಟ ನಾತ ಹೋಗಿ ಮಳೆ ಬಿದ್ದ ನೆಲದ ವಾಸನೆ ಬಂದ ಮೇಲೆ ಬಟ್ಟೆಯಲ್ಲಿ ಸೋಸಿ, ತೆಳು ಟೀ ಬಣ್ಣಕ್ಕೆ ನೀರು ಬೆರೆಸಿ. ಒಲೆ ಬೂದಿಯಲ್ಲಿ ಪೊಟ್ಯಾಷ್ ಇದೆ, ಆದ್ರೆ ಚಿಟಿಕೆ ಜಾಸ್ತಿಯಾದ್ರೂ ನೀರು ಕ್ಷಾರವಾಗುತ್ತೆ. ಪಿಹೆಚ್ 5.5ರಿಂದ 6.5ರ ಒಳಗಿರಬೇಕು, ಏರಿದ್ರೆ ನಿಂಬೆರಸ. ಇನ್ನೊಂದು ಮಾತು, ಇದನ್ನು ಅವ್ವಂದಿರು ಕೇಳಿಸ್ಕೊಳ್ಳಿ. ಹಸಿ ಸಗಣಿ ನೀರು ಹಸಿಯಾಗಿ ತಿನ್ನೋ ಎಲೆಗೆ ತಾಗಲೇಬಾರದು. ಅದರಲ್ಲಿ ಹೊಟ್ಟೆ ಕೆಡಿಸೋ ರೋಗಾಣು ಇರುತ್ತೆ. ನೈಸರ್ಗಿಕ ಅಂದ ಮಾತ್ರಕ್ಕೆ ಶುದ್ಧ ಅಂತಲ್ಲ. ಜೀವನಪೂರ್ತಿ ತಲೆ ಮೇಲೆ ಸಗಣಿ ಮಂಕರಿ ಹೊತ್ತವರಿಗೆ ಇದು ಗೊತ್ತು. ಅದನ್ನು ಅಮೃತ ಅಂತ ಕರೆದವರು ಹೊತ್ತವರಲ್ಲ.

ಇನ್ನು ಬೆಳಕು. ಲೈನ್ ಮನೆಯ ಒಂದು ಕಿಟಕಿಯಲ್ಲಿ, ಮಂಜಿನ ತಿಂಗಳಲ್ಲಿ, ಲೆಟ್ಯೂಸ್ ಎಳೆದೆಳೆದು ಬಿಳಿಚಿಕೊಳ್ಳುತ್ತೆ. ಅದಕ್ಕೆ ಎಲ್‌ಇಡಿ ದೀಪ ದಿನಕ್ಕೆ 12ರಿಂದ 16 ಗಂಟೆ ಉರಿಸಿ ಅಂತಾರೆ. ಎಲ್ಲಿ ಉರಿಸೋದು? ಗೂಡಲೂರಿನ ಜನ್ಮಂ ಭೂಮಿ ವಿಷಯ ಇಲ್ಲಿ ಕೂತಿರೋ ಎಲ್ರಿಗೂ ಗೊತ್ತು. 1969ರಲ್ಲಿ ಕಾಯಿದೆ ಬಂತು. ಅದರ ಸೆಕ್ಷನ್ 17ರಲ್ಲಿ ಸಿಕ್ಕಿಕೊಂಡ ಜಾಗಕ್ಕೆ ಇವತ್ತಿಗೂ ಪಟ್ಟಾ ಇಲ್ಲ. ಪಟ್ಟಾ ಇಲ್ಲ ಅಂತ ಎಷ್ಟೋ ಮನೆಗೆ ಕರೆಂಟ್ ಕೊಡದೆ ವರ್ಷಾನುಗಟ್ಟಲೆ ಕಾಯಿಸಿದ್ದಾರೆ. ನೆಲ ಬೇಡದ ಬೇಸಾಯ ಅಂತಾರಲ್ಲ, ಅದಕ್ಕೆ ಕರೆಂಟ್ ಬೇಕು, ಕರೆಂಟಿಗೆ ಪಟ್ಟಾ ಬೇಕು, ಪಟ್ಟಾ ಅಂದ್ರೆ ನೆಲ. ಸುತ್ತಿ ಬಳಸಿ ಅಲ್ಲಿಗೇ ಬಂದ್ವಿ.

ಇದನ್ನು ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, "ನಿಮಗೆ ಭೂಮಿ ಇಲ್ಲದಿದ್ರೆ ಏನಂತೆ, ಹೈಡ್ರೋಪೋನಿಕ್ಸ್ ಮಾಡಿ" ಅನ್ನೋ ಮಾತು ಈಗ ಸಲೀಸಾಗಿ ಬರ್ತಿದೆ. ಚೆಂಗಲ್ಪಟ್ಟು ಕಲೆಕ್ಟರ್ ಟ್ರೆಮೆನ್‌ಹೀರ್ ಬರೆದ ವರದಿಯ ನಂತರ 1892ರಲ್ಲಿ ಮದ್ರಾಸ್ ಸರ್ಕಾರ ನಮ್ಮ ಜನಕ್ಕೆ ಜಮೀನು ಕೊಡಲು ಆದೇಶ ಮಾಡಿತು. ಅದೇ ಪಂಚಮಿ ಭೂಮಿ. ಹತ್ತು ವರ್ಷ ಮಾರಬಾರದು, ಆಮೇಲೆ ಮಾರಿದರೂ ನಮ್ಮವರಿಗೇ ಮಾರಬೇಕು ಅಂತ ಷರತ್ತು. ಅದರಲ್ಲಿ ಬಹುಪಾಲು ಬೇರೆಯವರ ಕೈಲಿದೆ. ಗಡಿ ದಾಟಿ ಗುಂಡ್ಲುಪೇಟೆಗೆ ಹೋದರೂ ಅದೇ ಪಾಡು. ಕರ್ನಾಟಕದಲ್ಲಿ ಮಂಜೂರಾದ ಜಮೀನು ಉಳಿಸೋಕೆ 1978ರಲ್ಲಿ ಪಿಟಿಸಿಎಲ್ ಕಾಯಿದೆ ಮಾಡಬೇಕಾಯ್ತು. ನಮ್ಮ ನೆಲ ವಾಪಸ್ ಕೊಡಿ ಅನ್ನೋ ಮಾತಿಗೆ ಬಕೆಟ್ ಉತ್ತರ ಆಗಬಾರದು.

ಹಂಗಂತ ಬಕೆಟ್ ಬಿಸಾಡಿ ಅಂತಿಲ್ಲ. ಬೆಳಕಿಲ್ಲದ ಮನೆಯವರು ಮೆಂತ್ಯ, ಸಾಸಿವೆಯಿಂದ ಶುರು ಮಾಡಿ. ಅಗಲದ ತಟ್ಟೆಯಲ್ಲಿ ಒದ್ದೆ ನಾರು ಹಾಸಿ ಬೀಜ ಚೆಲ್ಲಿದರೆ ಹತ್ತು ಹನ್ನೆರಡು ದಿನಕ್ಕೆ ಎಳೆ ಸೊಪ್ಪು ಕತ್ತರಿಸಬಹುದು. ಅಷ್ಟು ದಿನಕ್ಕೆ ಬೀಜದಲ್ಲಿರೋ ಶಕ್ತಿಯೇ ಸಾಕು, ಗೊಬ್ಬರ ಬೇಡ, ಎಲ್‌ಇಡಿ ಬೇಡ. ಕೂಲಿಗೆ ಹೋಗುವಾಗ ನೀರು ಚಿಮುಕಿಸಿ ಹೋದ್ರೆ ಆಯ್ತು.

ಬಾಗಿಲ ಹತ್ರ ಒಂದು ನೋಟ್‌ಬುಕ್ ಇಟ್ಟಿದೀನಿ. ಬಕೆಟ್ ಮಾಡೋದು ಕಲೀಬೇಕು ಅನ್ನೋರು ಅದರ ಎಡಗಡೆ ಹೆಸರು ಬರೀರಿ. ಪಟ್ಟಾ ಇಲ್ಲದ, ಕರೆಂಟ್ ಇಲ್ಲದ ಮನೆಯವರು ಬಲಗಡೆ ಬರೀರಿ, ಎಷ್ಟು ವರ್ಷದಿಂದ ಅಲ್ಲಿದ್ದೀರಿ ಅನ್ನೋದನ್ನೂ ಸೇರಿಸಿ. ಬರೆಯೋಕೆ ಬಾರದ ಅವ್ವಂದಿರು ಹೇಳಿ, ನಾನು ಬರ್ಕೋತೀನಿ. ಬಲಗಡೆ ಪಟ್ಟಿಯನ್ನು ಸೋಮವಾರ ಊಟಿ ಕಲೆಕ್ಟರ್ ಕಚೇರಿಯ ಅಹವಾಲು ದಿನಕ್ಕೆ ತಗೊಂಡು ಹೋಗೋಣ. ಮೊದಲ ಬಸ್ಸಿಗೆ ಹೊರಡಬೇಕು, ಬರೋರು ರೇಷನ್ ಕಾರ್ಡಿನ ಜೆರಾಕ್ಸ್ ತನ್ನಿ. ಜೈ ಭೀಮ್.