ಗೆಳೆಯನ ಹೆಸರಲ್ಲಿ ಬೆಟ್ಟ



ತಿಥಿಯ ಮನೆಯಲ್ಲಿ ಮಾತು ಗಂಟಲಲ್ಲೇ ನಿಲ್ಲುತ್ತದೆ. ಬೆಟ್ಟದ ಏರಿನಲ್ಲಿ ಹಾಗಲ್ಲ. ಏದುಸಿರಿನ ನಡುವೆಯೇ ಹೋದವರ ಮಾತು ತಾನಾಗಿ ಹೊರಡುತ್ತದೆ, ಅತ್ತರೂ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೇ ತೀರಿಕೊಂಡ ಗೆಳೆಯನಿಗಾಗಿ ನಾವೆಲ್ಲ ಸೇರಿ ದೇವರಾಯನದುರ್ಗ ಹತ್ತುತ್ತೇವೆ.

ಈ ಬೆಟ್ಟವೇ ಏಕೆ? ಅವನು ಗುಬ್ಬಿಯ ಕಡೆಯವನು. ಇಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ಸೀಮೆಯ ಕಡಬ ಕೆರೆಗೆ ಹೋಗಿ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರುತ್ತದೆ. ಕಡಬ ಕೆರೆ ಕೋಡಿ ಬಿದ್ದ ವರ್ಷ ಅವನ ಸಂಭ್ರಮ ಹೇಳತೀರದು. ಅವನ ತಾಯಿಗೆ ಮೆಟ್ಟಿಲು ಹತ್ತಲಾಗದು. ಅವರು ಕೆಳಗೆ ಭೋಗನರಸಿಂಹನ ಗುಡಿಯಲ್ಲಿ ಕೂರುತ್ತಾರೆ, ನಾವು ಯೋಗನರಸಿಂಹನವರೆಗೆ ಹೋಗಿ ಬರುತ್ತೇವೆ.

ದೊಡ್ಡ ಪರ್ವತಗಳಲ್ಲೂ ಈ ಪ್ರೀತಿಯುಂಟು. 1934ರಲ್ಲಿ ನಂಗಾ ಪರ್ವತದಲ್ಲಿ ಮಡಿದ ವಿಲ್ಲಿ ಮರ್ಕಲ್ ಹೆಸರಿನಲ್ಲೇ ಅವರ ಮಲಸಹೋದರ 1953ರಲ್ಲಿ ತಂಡ ಕಟ್ಟಿದರು. ಆ ತಂಡದ ಹರ್ಮನ್ ಬೂಲ್ ಮೊದಲ ಬಾರಿಗೆ ಶಿಖರ ಮುಟ್ಟಿದರು, ಒಬ್ಬರೇ.

ನಾವು ಮಾತ್ರ ಒಬ್ಬರನ್ನೇ ಮುಂದೆ ಬಿಡುವುದಿಲ್ಲ. ಹಿಂದುಳಿದವರ ಜೊತೆ ನಡೆಯುವುದು ಅವನ ರೂಢಿಯಾಗಿತ್ತು. ಮುಂದಿನ ಸಲ ಕುಣಿಗಲ್ ಕಡೆಯ ಹುತ್ರಿದುರ್ಗ. ಅವನ ಮಗಳೂ ಬರುತ್ತಾಳಂತೆ. ಅವಳಪ್ಪನ ಕಾಲೇಜು ದಿನಗಳ ಕಥೆ ನಮ್ಮೊಬ್ಬೊಬ್ಬರ ಬಳಿಯೂ ಇದೆ.